ಸ್ಟೀವಿಯಾ ಟಿಶ್ಯೂ ಕಲ್ಚರ್: ಗೆಣ್ಣಿನಿಂದ ಗಿಡದವರೆಗೆ

ಸ್ಟೀವಿಯಾ ಎಂದರೆ ಸಕ್ಕರೆಯ ಬದಲು ಬಳಸುವ ಸಿಹಿ ಎಲೆಯ ಗಿಡ. ಅದರ ಬೀಜ ನೆಟ್ಟಗೆ ಮೊಳೆಯುವುದಿಲ್ಲ. ಮೊಳೆತರೂ ಗಿಡದಿಂದ ಗಿಡಕ್ಕೆ ಸಿಹಿ ಬೇರೆ. ಹಾಗಾಗಿ ಎಲೆ ಚೆನ್ನಾಗಿ ಸಿಹಿಯಿರುವ ಒಂದೇ ತಾಯಿಗಿಡ ಆರಿಸಿ, ಅದರ ಗೆಣ್ಣುಗಳಿಂದಲೇ ಟಿಶ್ಯೂ ಕಲ್ಚರ್ (ಗಿಡದ ತುಂಡಿನಿಂದ ಲ್ಯಾಬಿನಲ್ಲಿ ಹೊಸ ಗಿಡ ಬೆಳೆಸುವುದು) ಶುರುಮಾಡಿ.

ಚಿಕ್ಕಮಗಳೂರು, ಸಕಲೇಶಪುರದ ಕಡೆ ಮಳೆಗಾಲದಲ್ಲಿ ಬಯಲಿನ ಗಿಡದಿಂದ ಕುಡಿ ಕೀಳಬೇಡಿ. ತೊಯ್ದ ಕಾಂಡದ ಜೊತೆ ಬೂಷ್ಟೂ ಲ್ಯಾಬಿಗೆ ಬರುತ್ತದೆ. ಎರಡು ವಾರ ಮೊದಲೇ ಗಿಡವನ್ನು ಮರೆಗೆ ತಂದು, ಎಲೆ ನೆನೆಯದಂತೆ ಬುಡಕ್ಕಷ್ಟೇ ನೀರು ಕೊಡಿ.

ಒಂದು ಲೀಟರ್ ಎಂ.ಎಸ್. ಮಾಧ್ಯಮಕ್ಕೆ (ತುಂಡು ಬೆಳೆಯಲು ಬೇಕಾದ ಪೋಷಕಾಂಶಗಳ ದ್ರಾವಣ) ಸಕ್ಕರೆ 30 ಗ್ರಾಂ, ಅದನ್ನು ಗಟ್ಟಿಮಾಡುವ ಅಗರ್ 8 ಗ್ರಾಂ. ಅಗರ್ ಹಾಕುವ ಮುಂಚೆಯೇ ಪಿ.ಎಚ್. (ಆಮ್ಲೀಯತೆಯ ಅಳತೆ) 5.8ಕ್ಕೆ ತನ್ನಿ, ತೀರಾ ಇಳಿದರೆ ಅಗರ್ ಗಟ್ಟಿಯಾಗದೆ ತುಂಡು ಮುಳುಗುತ್ತದೆ. ಆಟೋಕ್ಲೇವ್ (ಒತ್ತಡದ ಹಬೆಯಲ್ಲಿ ಸೂಕ್ಷ್ಮಜೀವಿ ಕೊಲ್ಲುವ ಪಾತ್ರೆ) 121 ಡಿಗ್ರಿಯಲ್ಲಿ 20 ನಿಮಿಷ ಸಾಕು. ಹೆಚ್ಚಾದರೆ ಸಕ್ಕರೆ ಕಂದಿ ಪಿ.ಎಚ್. ಕೆಳಗಿಳಿಯುತ್ತದೆ.

ಕಾಂಡವನ್ನು ಹರಿಯುವ ನೀರಿನಲ್ಲಿ 20 ನಿಮಿಷ ತೊಳೆಯಿರಿ. ಮುಂದಿನದೆಲ್ಲ ಲ್ಯಾಮಿನಾರ್ (ಶೋಧಿಸಿದ ಗಾಳಿ ಬೀಸುವ ಪೆಟ್ಟಿಗೆ) ಒಳಗೆ: 70% ಆಲ್ಕೋಹಾಲ್ 30 ಸೆಕೆಂಡು, 1% ಸೋಡಿಯಂ ಹೈಪೋಕ್ಲೋರೈಟ್ (ಕ್ಲೋರಿನ್ ಬ್ಲೀಚ್) 8 ನಿಮಿಷ, ಆಮೇಲೆ ಸ್ಟೆರೈಲ್ ನೀರಿನಲ್ಲಿ ಮೂರು ಸಲ. ಬಿಳಿಚಿದ ತುದಿಗಳನ್ನು ಕತ್ತರಿಸಿ, ಒಂದು ಸೆಂ.ಮೀ. ಗೆಣ್ಣನ್ನು ಟ್ಯೂಬಿನ ಮಾಧ್ಯಮದಲ್ಲಿ ನೆಟ್ಟಗೆ ಊರಿ. ವಾರದೊಳಗೆ ಬೂಷ್ಟು ಕಂಡರೆ ತೊಳೆದದ್ದು ಸಾಲದು. ಬೂಷ್ಟಿಲ್ಲದೆ ತುಂಡೇ ಬಿಳಿಚಿ ಸತ್ತರೆ ಕ್ಲೋರಿನ್ ಹೆಚ್ಚಾಗಿದೆ.

ಮಾಧ್ಯಮದಲ್ಲಿ ಯಾವುದು ಎಷ್ಟಿದ್ದರೆ ಚಿಗುರು ಚೆನ್ನಾಗಿ ಬರುತ್ತದೆಂದು ನೋಡುವ ಪರೀಕ್ಷೆಯಲ್ಲಿ ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಮೊದಲು ಬಿ.ಎ.ಪಿ. (ಚಿಗುರು ಒಡೆಸುವ ಹಾರ್ಮೋನು): ಲೀಟರಿಗೆ 0, 0.5, 1, 2 ಮಿ.ಗ್ರಾಂ. ಪ್ರತಿಯೊಂದಕ್ಕೂ 15 ಟ್ಯೂಬ್, 25 ಡಿಗ್ರಿ, 16 ಗಂಟೆ ಬೆಳಕು. ನಾಲ್ಕು ಗುಂಪನ್ನೂ ಎಲ್ಲಾ ರ‍್ಯಾಕ್‌ಗಳಿಗೆ ಹಂಚಿ, ಏಕೆಂದರೆ ಕೆಳಗಿನ ಟ್ಯೂಬ್‌ಲೈಟಿನ ಶಾಖ ಮೇಲಿನ ರ‍್ಯಾಕಿಗೆ ತಾಗುತ್ತದೆ. ಕರೆಂಟು ಹೋದ ಹೊತ್ತು, ಕೋಣೆಯ ಉಷ್ಣಾಂಶ ಬರೆದಿಡಿ. ಮಲೆನಾಡಿನ ಮಳೆಗಾಲದಲ್ಲಿ ಈ ದಾಖಲೆಯಿಲ್ಲದೆ ಫಲಿತಾಂಶ ನಂಬಲಾಗದು. ನಾಲ್ಕನೇ ವಾರ ಚಿಗುರು ಎಣಿಸಿ, ಉದ್ದ ಅಳೆಯಿರಿ. ಕೆಟ್ಟ ಟ್ಯೂಬನ್ನು ಸೊನ್ನೆ ಎಂದು ಬರೆಯದೆ ಲೆಕ್ಕದಿಂದಲೇ ತೆಗೆದು, ಎಷ್ಟು ಕೆಟ್ಟವೆಂದು ಬೇರೆ ಬರೆಯಿರಿ. ಬಿ.ಎ.ಪಿ. ಅತಿಯಾದರೆ ಚಿಗುರು ಗುಂಪುಗುಂಪಾಗಿ ಬಂದರೂ ಗಿಡ್ಡವಾಗಿ, ಎಲೆ ನೀರು ತುಂಬಿ ಗಾಜಿನಂತಾಗುತ್ತದೆ. ಅಂಥವು ಹೊರಗೆ ಬದುಕುವುದು ಕಷ್ಟ. ಎಣಿಕೆಗಿಂತ ಗಟ್ಟಿ ಚಿಗುರು ನೋಡಿ ಆರಿಸಿ. ಪ್ರಮಾಣ ನಿಂತ ಮೇಲೆ ಸಕ್ಕರೆಯನ್ನು 20, 30, 40 ಗ್ರಾಂನಲ್ಲಿ ಹೋಲಿಸಿ.

2,4-ಡಿ ಎಂಬ ಹಾರ್ಮೋನು ಹಾಕಿ ಕ್ಯಾಲಸ್ (ಆಕಾರವಿಲ್ಲದ ಜೀವಕೋಶಗಳ ಮುದ್ದೆ) ಬೆಳೆಸಬಹುದು, ಆದರೆ ಸಿಹಿಗಾಗಿ ಅದನ್ನು ನೆಚ್ಚಬೇಡಿ. ಸಿಹಿ ಕೊಡುವ ಸ್ಟೀವಿಯೋಸೈಡ್ ತಯಾರಿಯ ಮೊದಲ ಹಂತಗಳು ಎಲೆಯ ಹರಿತ್ತಿನ ಕಣಗಳಲ್ಲೇ ನಡೆಯುವುದರಿಂದ ಎಲೆಯಿಲ್ಲದ ಮುದ್ದೆಯಲ್ಲಿ ಸಿಹಿ ತೀರಾ ಕಡಿಮೆ.

ಮೂರು ಸೆಂ.ಮೀ. ಚಿಗುರನ್ನು ಲವಣ ಅರ್ಧಕ್ಕಿಳಿಸಿದ ಎಂ.ಎಸ್. ಮತ್ತು ಲೀಟರಿಗೆ 0.5 ಮಿ.ಗ್ರಾಂ ಐ.ಬಿ.ಎ. (ಬೇರು ಬರಿಸುವ ಹಾರ್ಮೋನು) ಇರುವ ಮಾಧ್ಯಮಕ್ಕೆ ಬದಲಿಸಿ. ಬೇರು ಬಂದ ಮೇಲೆ ಅಗರ್ ಪೂರ್ತಿ ತೊಳೆದು, ಕೋಕೋಪಿಟ್ ಟ್ರೇಯಲ್ಲಿ ನೆಟ್ಟು ಪ್ಲಾಸ್ಟಿಕ್ ಹೊದಿಸಿ. ಅಗರ್ ಉಳಿದರೆ ಅದರ ಸಕ್ಕರೆಗೆ ಶಿಲೀಂಧ್ರ ಬಂದು ಬುಡ ಕೊಳೆಯುತ್ತದೆ. ನಾಲ್ಕನೇ ದಿನದಿಂದ ಹೊದಿಕೆಯನ್ನು ದಿನಕ್ಕಿಷ್ಟು ಸರಿಸುತ್ತ, ಎರಡು ವಾರಕ್ಕೆ ಪೂರ್ತಿ ತೆಗೆಯಿರಿ.