ಅಂಗಳದಲ್ಲಿ ಹಪ್ಪಳ, ಮೇಲೆ ಮೋಡ

ನಮ್ಮದು ಶಿರಸಿ ಕಡೆಯ ಹಳ್ಳಿ. ಏಪ್ರಿಲ್ ಬಂತೆಂದರೆ ಮನೆಯಲ್ಲಿ ಹಲಸಿನ ಹಪ್ಪಳದ ಕೆಲಸ ಶುರು. ಅತ್ತೆ, ಪಕ್ಕದ ಮನೆಯ ಇಬ್ಬರು ಹೆಂಗಸರು, ಜೊತೆಗೆ ನಾನು. ಫೋನಿನಲ್ಲಿ ವಿಡಿಯೋ ಮಾಡುವುದನ್ನು ನಾನು ಕಲಿತದ್ದು ಈ ಹಪ್ಪಳದ ಜೊತೆಗೇ.

ಮೊದಲ ವರ್ಷದ ವಿಡಿಯೋ ಎಂಟು ನಿಮಿಷದ್ದು. ಬಲಿತ ಕಾಯಿ ಇಳಿಸಿದ್ದು, ಮೇಣ ಅಂಟದ ಹಾಗೆ ಕೈಗೂ ಕತ್ತಿಗೂ ಎಣ್ಣೆ ಸವರಿದ್ದು, ತೊಳೆ ಬಿಡಿಸಿ ಬೇಯಿಸಿದ್ದು, ಕುಟ್ಟಿದ್ದು, ಮೆಣಸು, ಜೀರಿಗೆ, ಉಪ್ಪು ಸೇರಿಸಿ ಉಂಡೆ ಕಟ್ಟಿದ್ದು, ಒತ್ತಿದ್ದು, ಒಣಹಾಕಿದ್ದು. ಒಂದನ್ನೂ ಬಿಟ್ಟಿರಲಿಲ್ಲ. ಹಿನ್ನೆಲೆಗೆ ಕೊಳಲು ಬೇರೆ ಹಾಕಿದ್ದೆ. ನೆಂಟರೆಲ್ಲ ಚೆನ್ನಾಗಿದೆ ಅಂದರು. ಆದರೆ ಜನ ಎಲ್ಲಿಯವರೆಗೆ ನೋಡಿದರು, ಎಲ್ಲಿ ಬಿಟ್ಟು ಹೋದರು ಅನ್ನುವುದನ್ನು, ವಿಡಿಯೋ ಹಾಕಿದವರಿಗೆಂದೇ ಇರುವ ಯೂಟ್ಯೂಬ್ ಸ್ಟುಡಿಯೋ ಒಂದು ಗೆರೆ ಎಳೆದು ತೋರಿಸುತ್ತದೆ. ನನ್ನ ಗೆರೆ ಅರ್ಧ ನಿಮಿಷದೊಳಗೇ ನೆಲ ಕಚ್ಚಿತ್ತು. ಅದನ್ನು ನೋಡಿ ನಿಜಕ್ಕೂ ಬೇಜಾರಾಯಿತು. ಅತ್ತೆಯ ಕೈಯ ಕೆಲಸ ಅಷ್ಟು ಚಂದ, ಅದು ಯಾರಿಗೂ ಮುಟ್ಟಲಿಲ್ಲವಲ್ಲ ಅಂತ.

ಉತ್ತರ ಸಿಕ್ಕಿದ್ದು ಮುಂದಿನ ಮೇ ತಿಂಗಳಲ್ಲಿ.

ಅವತ್ತು ಬೆಳಿಗ್ಗೆ ಅಂಗಳದ ತುಂಬ ಚಾಪೆ ಹಾಸಿ ಹಪ್ಪಳ ಹರಡಿದ್ದೆವು. ಮಧ್ಯಾಹ್ನ ಊಟ ಮುಗಿಸಿ ಬಂದ ಅತ್ತೆ ಅಂಗಳದ ನಡುವೆ ನಿಂತರು. ಹುಬ್ಬಿನ ಮೇಲೆ ಕೈ ಅಡ್ಡ ಹಿಡಿದು ಪಡುವಣ ದಿಕ್ಕಿಗೆ ನೋಡಿದರು. ಬಗ್ಗಿ ಒಂದು ಹಪ್ಪಳದ ಅಂಚನ್ನು ಬೆರಳಲ್ಲಿ ಎತ್ತಿ ನೋಡಿದರು. ಅಂಚು ಒಣಗಿತ್ತು, ನಡು ಇನ್ನೂ ಮೆತ್ತಗಿತ್ತು. ಮತ್ತೆ ಆಕಾಶ ನೋಡಿದರು. "ಮಳೆ ಬತ್ತು ಕಾಣ್ತು, ತಂಗಿ" ಅಂದರು. ಆದರೂ ಚಾಪೆ ಎತ್ತಲಿಲ್ಲ. ಈಗಲೇ ಎತ್ತಿದರೆ ಬಿಸಿಲು ದಂಡ. ಎತ್ತದೆ ಮಳೆ ಬಂದರೆ ಎರಡು ದಿನದ ಕೆಲಸ ದಂಡ.

ನಾನು ಸುಮ್ನೆ ಫೋನು ಹಿಡಿದು ನಿಂತಿದ್ದೆ. ಇಪ್ಪತ್ತು ನಿಮಿಷ ಹೀಗೇ ಹೋಯಿತು. ಆಮೇಲೆ ಮೊದಲ ಹನಿಗಳು ಬಿದ್ದವು. ಟಪ್, ಟಪ್ ಅಂತ ದೊಡ್ಡ ಹನಿ. ಮನೆಯವರೆಲ್ಲ ಓಡಿದೆವು. ಫೋನನ್ನು ಜಗಲಿಯ ಕಂಬಕ್ಕೆ ಒರಗಿಸಿ ನಾನೂ ಓಡಿದೆ. ನಾಲ್ಕು ಚಾಪೆ ಒಳಗೆ ಬಂದವು, ಐದನೆಯದು ನೆನೆದು ಹೋಯಿತು.

ರಾತ್ರಿ ಕೂತು ನೋಡಿದಾಗ ಗೊತ್ತಾಯಿತು, ನನಗೆ ಬೇಕಾಗಿದ್ದದ್ದು ಇದೇ. ಹೋದ ವರ್ಷದ ವಿಡಿಯೋದಲ್ಲಿ ಹಪ್ಪಳ ಹೇಗೆ ಮಾಡುತ್ತಾರೆ ಅನ್ನುವುದಿತ್ತು. ಏನಾಗುತ್ತೋ ಏನೋ ಅನ್ನುವುದು ಇರಲಿಲ್ಲ. ಹಪ್ಪಳ ಮಾಡುವವರ ಮನಸ್ಸಿನಲ್ಲಿ ಮಾತ್ರ ಬೇಸಿಗೆಯಿಡೀ ಇರುವುದು ಅದೊಂದೇ ಪ್ರಶ್ನೆ: ಬಿಸಿಲು ಸಿಗುತ್ತಾ? ಹಾಗಾಗಿ ವಿಡಿಯೋವನ್ನು ಹಲಸಿನ ಮರದಿಂದ ಶುರು ಮಾಡಲಿಲ್ಲ. ಅತ್ತೆ ಹುಬ್ಬಿಗೆ ಕೈ ಹಿಡಿದು ನಿಂತಲ್ಲಿಂದ ಶುರು ಮಾಡಿದೆ. ಕುಟ್ಟುವುದು, ಒತ್ತುವುದು ಎಲ್ಲ ಆಮೇಲೆ ಬಂತು. ಎಷ್ಟು ಕೆಲಸ ಅಲ್ಲಿ ಬಿಸಿಲಿಗೆ ಬಿದ್ದುಕೊಂಡಿದೆ ಅಂತ ನೋಡುವವರಿಗೆ ತಿಳಿಯಬೇಕಲ್ಲ, ಅದಕ್ಕೆ. ಉದ್ದ ಮೂರೂವರೆ ನಿಮಿಷ. ಜಾಸ್ತಿ ಜನ ಕೊನೆಯ ತನಕ ಇದ್ದರು.

ಅಂದಿನಿಂದ ಯಾವ ಕೆಲಸಕ್ಕೆ ಫೋನು ಎತ್ತಿದರೂ ಮೊದಲು ಆ ಕೆಲಸ ಮಾಡುವವರನ್ನೇ ಕೇಳುತ್ತೇನೆ, "ಇದರಲ್ಲಿ ನಿಮಗೆ ಯಾವುದರ ಹೆದರಿಕೆ?" ಆಲೆಮನೆಯಲ್ಲಿ ಕೇಳಿದೆ. ಬೆಲ್ಲದ ಪಾಕ ಒಂದು ಗಳಿಗೆ ತಡವಾದರೆ ಸೀದು ಹೋಗುತ್ತದೆ, ಬೇಗ ಇಳಿಸಿದರೆ ಗಟ್ಟಿಯಾಗುವುದಿಲ್ಲ ಅಂದರು. ಪಾಕ ನೋಡುವವರು ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉರುಟಿ ನೋಡುತ್ತಾರೆ. ಅಲ್ಲಿಯ ಕಥೆ ಪೂರ್ತಿ ಆ ಬೆರಳಲ್ಲಿದೆ.

ಮೊದಮೊದಲ ಸಿನಿಮಾಗಳಲ್ಲೊಂದು ಇಂಥ ಕೆಲಸದ ದಿನದ್ದೇ ಅಂತ ತಿಳಿದಾಗ ನನಗೆ ಬಹಳ ಖುಷಿಯಾಗಿತ್ತು. 1895ರಲ್ಲಿ ಫ್ರಾನ್ಸಿನ ಲಿಯಾನ್‌ನಲ್ಲಿ ಲೂಮಿಯೇರ್ ಸಹೋದರರು ಚಿತ್ರಿಸಿದ್ದು ತಮ್ಮದೇ ಕಾರ್ಖಾನೆಯಿಂದ ಕೆಲಸಗಾರರು ಹೊರಗೆ ಬರುವುದನ್ನು. ಒಂದು ನಿಮಿಷವೂ ಇಲ್ಲದ ಚಿತ್ರ. ಮಾರನೇ ವರ್ಷ, 1896ರ ಜುಲೈ 7ರಂದು, ಅವರ ಚಿತ್ರಗಳನ್ನು ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ತೋರಿಸಿದರು.

ವಿಡಿಯೋ ತೆಗೆಯುವ ಕ್ರಮದ ಬಗ್ಗೆ ನಾನು ಕಂಡುಕೊಂಡದ್ದನ್ನೂ ಹೇಳುತ್ತೇನೆ. ಎಲ್ಲಕ್ಕಿಂತ ಮೊದಲು ಲೆನ್ಸ್ ಒರೆಸಿಕೊಳ್ಳಿ. ಹಪ್ಪಳದ ಕೆಲಸ ಅಂದರೆ ಕೈಯೆಲ್ಲ ಎಣ್ಣೆ. ಮೊದಲ ವರ್ಷದ ನನ್ನ ಅರ್ಧ ಚಿತ್ರಗಳು ಮಂಜು ಕವಿದ ಹಾಗೆ ಬಂದದ್ದು ಅದಕ್ಕೇ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ನಡುವೆ ಕರೆ ಬಂದರೆ ಎಲ್ಲ ಕೆಡುತ್ತದೆ. ಆಚೆ ಈಚೆ ತಿರುಗಿಸಬೇಡಿ. ಒಂದು ಕಡೆ ಹಿಡಿದರೆ ಮನಸ್ಸಿನಲ್ಲೇ ಹತ್ತು ಎಣಿಸುವ ತನಕ ಅಲ್ಲೇ ಹಿಡಿಯಿರಿ. ಕೈ ಒಂದು ಸಲ, ಮುಖ ಒಂದು ಸಲ, ಅವರು ಏನು ನೋಡುತ್ತಿದ್ದಾರೋ ಅದು ಒಂದು ಸಲ, ದೂರದಿಂದ ಇಡೀ ಅಂಗಳ ಒಂದು ಸಲ. ಇಷ್ಟಿದ್ದರೆ ಜೋಡಿಸುವಾಗ ಪರದಾಡುವುದು ತಪ್ಪುತ್ತದೆ.

ಅಡುಗೆಮನೆಯಲ್ಲಿ ಇನ್ನೊಂದು ತೊಂದರೆ. ಕೆಲವು ಎಲ್‌ಇಡಿ ಬಲ್ಬುಗಳ ಬೆಳಕಲ್ಲಿ ವಿಡಿಯೋ ತುಂಬ ಪಟ್ಟೆ ಪಟ್ಟೆ ಓಡುತ್ತದೆ. ನಮ್ಮ ಕರೆಂಟು 50 ಹರ್ಟ್ಸ್‌ನದು, ಅದಕ್ಕೂ ಕ್ಯಾಮೆರಾಕ್ಕೂ ತಾಳ ತಪ್ಪಿದಾಗ ಹೀಗಾಗುತ್ತದೆ. ಕ್ಯಾಮೆರಾವನ್ನು ನಾವೇ ಹೊಂದಿಸಿಕೊಳ್ಳುವ ಪ್ರೊ ಮೋಡಿನಲ್ಲಿ ಶಟರ್ ವೇಗವನ್ನು ಸೆಕೆಂಡಿನ 1/50 ಅಥವಾ 1/100ಕ್ಕೆ ಇಟ್ಟರೆ ಸಾಮಾನ್ಯವಾಗಿ ನಿಲ್ಲುತ್ತದೆ. ನಾನಂತೂ ಈಗ ಬಲ್ಬು ಆರಿಸಿ, ಕಿಟಕಿಯ ಬೆಳಕು ಮುಖದ ಒಂದು ಪಕ್ಕಕ್ಕೆ ಬೀಳುವ ಹಾಗೆ ಜಾಗ ಹುಡುಕಿಕೊಳ್ಳುತ್ತೇನೆ. ಬೆಳಗಿನ ಹೊತ್ತಲ್ಲಿ ಒಲೆಯ ಹೊಗೆಯೂ ಆ ಬೆಳಕಲ್ಲಿ ಕಾಣುತ್ತದೆ.

ಸದ್ದಿನ ವಿಷಯಕ್ಕೆ ನಾನು ಹೆಚ್ಚು ಹೊತ್ತು ಕೊಡುತ್ತೇನೆ. ಕೊಳಲು ತೆಗೆದು ಹಾಕಿದ ಮೇಲೇ ನನ್ನ ವಿಡಿಯೋಗಳಿಗೆ ಜೀವ ಬಂದದ್ದು. ಒರಳಿಗೆ ಒನಕೆ ಬೀಳುವ ಸದ್ದು ಕೇಳಿ. ಮೊದಮೊದಲು ತೊಳೆ ಬಿಡಿಬಿಡಿ ಇದ್ದಾಗ ಒಂದು ಥರ, ಹದವಾದ ಹಿಟ್ಟಾದ ಮೇಲೆ ಇನ್ನೊಂದು ಥರ. ಒತ್ತಿದ ಹಪ್ಪಳವನ್ನು ಪ್ಲಾಸ್ಟಿಕ್ ಹಾಳೆಯಿಂದ ಬಿಡಿಸುವಾಗ ಬರುವ ಸಣ್ಣ ಚರ್ ಅನ್ನುವ ಸದ್ದು. ಕಾಗೆ ಓಡಿಸುವ ಕೂಗು. ಇವನ್ನೆಲ್ಲ ಬೇರೆಯಾಗಿ, ಫೋನನ್ನು ಹತ್ತಿರ ಇಟ್ಟು ರೆಕಾರ್ಡ್ ಮಾಡಿಕೊಳ್ಳುತ್ತೇನೆ. ಜೋಡಿಸುವಾಗ ಸದ್ದನ್ನು ಚಿತ್ರಕ್ಕಿಂತ ಒಂದೆರಡು ಸೆಕೆಂಡ್ ಮೊದಲೇ ಬಿಡುತ್ತೇನೆ. ಅತ್ತೆಯ ಮುಖ ಕಾಣುತ್ತಿರುವಾಗಲೇ ಒನಕೆಯ ಸದ್ದು ಕೇಳಿಸಿದರೆ, ನೋಡುವವರ ಮನಸ್ಸು ತಾನಾಗಿ ಒರಳಿನ ಕಡೆ ಹೋಗಿರುತ್ತದೆ.

ಒಂದು ತಪ್ಪು ಮಾಡಿದ್ದೆ. ಅತ್ತೆ ಹಪ್ಪಳ ಒತ್ತುವುದು ಸರಿಯಾಗಿ ಬರಲಿಲ್ಲ ಅಂತ "ಇನ್ನೊಂದು ಸಲ ಮಾಡಿ ಅತ್ತೆ" ಅಂದೆ. ಅವರು ಮಾಡಿದರು. ಆದರೆ ಕೈ ಉಂಡೆಯ ಮೇಲೆ, ಕಣ್ಣು ಫೋನಿನ ಮೇಲೆ. ಮಣೆ ಇಟ್ಟು ಒತ್ತುವಾಗ ಸೊಂಟದಿಂದ ಬರುವ ಆ ಸಣ್ಣ ತೂಗು ಮಾಯವಾಗಿತ್ತು. ಅವತ್ತಿನಿಂದ ಮತ್ತೆ ಮಾಡಿ ಅಂತ ಯಾರಿಗೂ ಹೇಳಿಲ್ಲ. ತಪ್ಪಿಹೋದರೆ ಮುಂದಿನ ಹಪ್ಪಳಕ್ಕೆ ಕಾಯುತ್ತೇನೆ. ಹೇಗೂ ಒಂದು ದಿನಕ್ಕೆ ಇನ್ನೂರಾದರೂ ಒತ್ತುತ್ತಾರೆ. ಈಗ ಫೋನನ್ನು ಡಬ್ಬದ ಮೇಲೆ ನಿಲ್ಲಿಸಿ ನಾನೂ ಉಂಡೆ ಕಟ್ಟಲು ಕೂರುತ್ತೇನೆ. ಸ್ವಲ್ಪ ಹೊತ್ತಿಗೆ ಎಲ್ಲರೂ ಫೋನನ್ನು ಮರೆಯುತ್ತಾರೆ. ಮಾತು ಆಗ ಬರುತ್ತದೆ.

ಹಾಗೆ ಬಂದ ಮಾತೆಲ್ಲ ನನ್ನದಲ್ಲ. ಒಮ್ಮೆ ಪಕ್ಕದ ಮನೆಯವರು ಮಗಳ ಮನೆಯ ಕಷ್ಟ ಹೇಳಿಕೊಂಡು ಅತ್ತರು. ಎಲ್ಲ ರೆಕಾರ್ಡ್ ಆಗಿತ್ತು. ಬೆಳಕು, ಸದ್ದು, ಮುಖ, ಎಲ್ಲ ಅಷ್ಟು ಚೆನ್ನಾಗಿ ನನಗೆ ಹಿಂದೆ ಬಂದದ್ದೇ ಇಲ್ಲ. ಅವತ್ತೇ ಅಳಿಸಿದೆ, ಅಳಿಸಿದ್ದನ್ನು ಅವರಿಗೆ ತೋರಿಸಿದೆ. ಈಗ ಹಾಕುವ ಮೊದಲು ಇಡೀ ವಿಡಿಯೋವನ್ನು ಅದರಲ್ಲಿರುವವರಿಗೇ ತೋರಿಸುತ್ತೇನೆ. ಇದು ಬೇಡ ಅಂದರೆ ತೆಗೆಯುತ್ತೇನೆ. ಅತ್ತೆ ಒಮ್ಮೆ ತಮ್ಮ ಹಳೆ ಸೀರೆಯ ಬಗ್ಗೆ ಹಾಗಂದರು. ಒಂದು ದಿನ ಬಿಟ್ಟು "ಇರಲಿ ಬಿಡು, ಕೆಲಸದ ಸೀರೆ ಇನ್ನು ಹೇಗಿರ್ತದೆ" ಅಂದರು. ಅವರು ಹಾಗೆ ಹೇಳುವವರೆಗೂ ನಾನು ಕಾದಿದ್ದೆ.

ಆ ಮಳೆಯ ವಿಡಿಯೋಗೆ ಬಂದ ಪ್ರತಿಕ್ರಿಯೆಗಳಲ್ಲಿ ಸುಮಾರು ಜನ ಒಂದೇ ಮಾತು ಕೇಳಿದ್ದರು: ಆ ಐದನೇ ಚಾಪೆಯ ಹಪ್ಪಳ ಏನಾಯಿತು? ನನಗೆ ಅದು ಹೊಳೆದೇ ಇರಲಿಲ್ಲ. ಅತ್ತೆಯನ್ನು ಕೇಳಿದೆ. ಅವನ್ನು ಒಲೆಯ ಮೇಲಿನ ಅಟ್ಟದಲ್ಲಿ ಹರಡಿ ಒಣಗಿಸಿದ್ದರಂತೆ. ಜುಲೈಯಲ್ಲಿ, ಹೊರಗೆ ಜಡಿಮಳೆ ಹಿಡಿದ ಒಂದು ಸಂಜೆ, ಆ ಡಬ್ಬ ಇಳಿಸಿದರು. ಹನಿ ಬಿದ್ದ ಗುರುತು ಒಂದೊಂದರ ಮೇಲೂ ಚುಕ್ಕೆ ಚುಕ್ಕೆಯಾಗಿ ಉಳಿದಿತ್ತು. ಬಣ್ಣ ಸ್ವಲ್ಪ ಕಪ್ಪು, ಮೂಸಿದರೆ ಹೊಗೆಯ ವಾಸನೆ. ಬಾಣಲೆಗೆ ಬಿಟ್ಟಾಗ ಎಲ್ಲವೂ ಅರಳಿದವು. ನಲವತ್ತು ಸೆಕೆಂಡಿನ ತುಣುಕು ಅದು. ಎಣ್ಣೆಯ ಸದ್ದು, ಹೊರಗಿನ ಮಳೆಯ ಸದ್ದು, ಕೊನೆಗೆ ಅತ್ತೆ ಒಂದನ್ನು ಮುರಿದು ಬಾಯಿಗಿಟ್ಟುಕೊಂಡದ್ದು.