‘ನಿಮಗೇನು ಬೇಕು?’ ಅಂತ ಇಂಗ್ಲೆಂಡಿನ ಡಾಕ್ಟರು ಕೇಳಿದಾಗ

ಇಂಗ್ಲೆಂಡಿಗೆ ಬಂದು ಹನ್ನೊಂದು ವರ್ಷವಾಯಿತು. ಜಿಪಿ ಅನ್ನುವ ಮನೆ ಡಾಕ್ಟರ ಹತ್ತಿರ ಹೆಸರು ಬರೆಸುವುದು, ಆರೋಗ್ಯ ಸಲಹೆಗೆ 111ಕ್ಕೆ ಫೋನ್ ಮಾಡುವುದು, ಇದನ್ನೆಲ್ಲ ಬಂದ ವಾರದಲ್ಲೇ ಯಾರಾದರೂ ಹೇಳಿಕೊಟ್ಟಿರುತ್ತಾರೆ. ಮತ್ತೆ ಹೇಳುವುದಿಲ್ಲ. ಆಸ್ಪತ್ರೆ ಆರಿಸಿಕೊಳ್ಳುವ ಬಗ್ಗೆ ಯಾರೂ ಹೇಳಿಕೊಡದ ಒಂದು ವಿಷಯದಿಂದ ನಾನು ಒಂದು ವರ್ಷಕ್ಕೂ ಹೆಚ್ಚು ಕಾಲ ಬಲಗೈ ನೋವು ತಿಂದೆ. ಈ ಸಲದ ಯುಗಾದಿ ಊಟದಲ್ಲಿ ಅದೇ ತಪ್ಪನ್ನು ಇನ್ನೂ ಮೂವರು ಮಾಡಿರುವುದು ಗೊತ್ತಾಯಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನದು ಕಾರ್ಪಲ್ ಟನಲ್, ಅಂದರೆ ಮಣಿಕಟ್ಟಿನಲ್ಲಿ ನರ ಒತ್ತಿಹೋಗುವ ತೊಂದರೆ. ರಾತ್ರಿ ಎರಡು ಗಂಟೆಗೆ ಕೈ ಜೋಮು ಹಿಡಿದು ಎಚ್ಚರವಾಗುತ್ತಿತ್ತು. ಎದ್ದು ಕೂತು, ಥರ್ಮಾಮೀಟರ್ ಕೊಡವಿದ ಹಾಗೆ ಕೈ ಕೊಡವಿದರೆ ಸ್ವಲ್ಪ ಹಗುರ. ಬರಬರುತ್ತಾ ಸೀರೆಗೆ ಪಿನ್ ಹಾಕುವುದೂ ಆಗದಾಯಿತು, ಬೆರಳ ತುದಿಗೆ ಪಿನ್ ಸಿಕ್ಕಿದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಜಿಪಿ ನೋಡಿ, ಆಸ್ಪತ್ರೆಗೆ ರೆಫರ್ ಮಾಡುತ್ತೇನೆ ಅಂದರು. ಬಾಗಿಲ ಹತ್ತಿರ ಬಂದಾಗ ಕೇಳಿದರು: “ಯಾವ ಆಸ್ಪತ್ರೆ ಅಂತ ಏನಾದರೂ ಮನಸ್ಸಿನಲ್ಲಿದೆಯಾ?”

“ಹತ್ತಿರದ್ದೇ ಸಾಕು ಡಾಕ್ಟರ್” ಅಂದೆ.

ನಾನು ಕಳೆದುಕೊಂಡದ್ದು ಆ ಒಂದು ಮಾತಿನಲ್ಲಿ. ಅದು ಮಾತಿಗೆ ಕೇಳಿದ ಪ್ರಶ್ನೆಯಲ್ಲ, ಕಾನೂನು ನನಗೆ ಕೊಟ್ಟ ಹಕ್ಕು. ಇಂಗ್ಲೆಂಡಿನಲ್ಲಿ ಜಿಪಿ ನಿಮ್ಮನ್ನು ತಜ್ಞರ ಹತ್ತಿರ ಕಳಿಸುವಾಗ, ಮೊದಲ ಭೇಟಿ ಯಾವ ಆಸ್ಪತ್ರೆಯಲ್ಲಿ ಅಂತ ಆರಿಸಿಕೊಳ್ಳುವವರು ನೀವು. ನಿಮ್ಮೂರಿನದೇ ಆಗಬೇಕಿಲ್ಲ, ಇಂಗ್ಲೆಂಡಿನ ಯಾವ ಮೂಲೆಯದಾದರೂ ಸರಿ. ಎನ್‌ಎಚ್‌ಎಸ್ ಅಂದರೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ, ಅದರ ಜೊತೆ ಕರಾರು ಮಾಡಿಕೊಂಡ ಖಾಸಗಿ ಆಸ್ಪತ್ರೆಯಾದರೂ ಸರಿ. ಅಲ್ಲಿ ನಿಮ್ಮ ಕೈಯಿಂದ ಒಂದು ಪೆನ್ನಿಯೂ ಹೋಗುವುದಿಲ್ಲ, ಬಿಲ್ಲು ಎನ್‌ಎಚ್‌ಎಸ್‌ಗೆ ಹೋಗುತ್ತದೆ.

ಈ ಕೊನೆಯ ಮಾತನ್ನು ನಮ್ಮವರು ನಂಬುವುದೇ ಇಲ್ಲ. ಆಮೇಲೆ ಬಂದ ಪತ್ರದಲ್ಲಿ ನಾಲ್ಕು ಆಸ್ಪತ್ರೆಗಳ ಪಟ್ಟಿ ಇತ್ತು, ಜೊತೆಗೆ ಬುಕ್ ಮಾಡಲು ಒಂದು ರೆಫರೆನ್ಸ್ ನಂಬರು, ಒಂದು ಪಾಸ್‌ವರ್ಡು. ಎರಡನೆಯದು ಖಾಸಗಿ ಆಸ್ಪತ್ರೆ. ಅಯ್ಯೋ, ಅಲ್ಲಿಗೆ ಹೋದರೆ ಬಿಲ್ ಬರುತ್ತದೆ ಅಂತ ಕಣ್ಣೆತ್ತಿಯೂ ನೋಡದೆ ಮೊದಲನೆಯದಕ್ಕೆ ಟಿಕ್ ಹಾಕಿದೆ. ಏಳು ತಿಂಗಳಾದ ಮೇಲೆ ಮೊದಲ ಭೇಟಿಯ ದಿನ ಸಿಕ್ಕಿತು. ನಮ್ಮ ಬೀದಿಯಲ್ಲೇ ಇರುವ ಒಬ್ಬ ಗುಜರಾತಿ ಗೆಳತಿಗೂ ಇದೇ ತೊಂದರೆ. ಅವಳು ಹನ್ನೆರಡು ಮೈಲಿ ದೂರದ ಖಾಸಗಿ ಆಸ್ಪತ್ರೆ ಆರಿಸಿಕೊಂಡು, ಎನ್‌ಎಚ್‌ಎಸ್ ಖರ್ಚಿನಲ್ಲೇ ಒಂಬತ್ತು ವಾರದಲ್ಲಿ ಆಪರೇಷನ್ ಮುಗಿಸಿಕೊಂಡು ಬಂದಿದ್ದಳು.

ಯುಗಾದಿ ದಿನ ಸಿಕ್ಕ ಮೈಸೂರಿನ ಹುಡುಗನ ಕತೆ ಇನ್ನೂ ಸಂಕಟದ್ದು. ಕಾಯುವುದು ತಡೆಯಲಾರದೆ ಕ್ರೆಡಿಟ್ ಕಾರ್ಡಿನಲ್ಲಿ ಎರಡು ಸಾವಿರ ಪೌಂಡಿಗೂ ಮೇಲೆ ಕೊಟ್ಟು ಖಾಸಗಿಯಾಗಿ ಆಪರೇಷನ್ ಮಾಡಿಸಿಕೊಂಡಿದ್ದಾನೆ. ಅದೇ ಕಟ್ಟಡ, ಅದೇ ಸರ್ಜನ್, ಅವನ ರೆಫರಲ್ ಪಟ್ಟಿಯಲ್ಲಿ ಪುಕ್ಕಟೆಯಾಗಿ ಇತ್ತು. ಪುಕ್ಕಟೆ ಅನ್ನುವುದೂ ತಪ್ಪು. ಕೆಲಸದ ವೀಸಾ ಮೇಲೆ ಬರುವ ದೊಡ್ಡವರಲ್ಲಿ ಹೆಚ್ಚಿನವರು ತಲಾ ವರ್ಷಕ್ಕೆ 1,035 ಪೌಂಡ್ ಹೆಲ್ತ್ ಸರ್ಚಾರ್ಜು ಅನ್ನುವ ಆರೋಗ್ಯ ಶುಲ್ಕವನ್ನು ಮೊದಲೇ ಕಟ್ಟಿ ಬರುತ್ತೇವೆ, ಅದರ ಮೇಲೆ ಸಂಬಳದಿಂದ ತೆರಿಗೆ. ಹಕ್ಕನ್ನು ಕೇಳುವುದಕ್ಕೆ ಸಂಕೋಚ ಯಾಕೆ?

ಹಾಗಾಗಿ ಜಿಪಿ ರೆಫರಲ್ ಅಂದ ತಕ್ಷಣ ಹೀಗನ್ನಿ: “ಎಲ್ಲೆಲ್ಲಿ ಎಷ್ಟೆಷ್ಟು ಕಾಯಬೇಕು ಅಂತ ನೋಡಿ ಆರಿಸಿಕೊಳ್ಳುತ್ತೇನೆ, ಪಟ್ಟಿ ಕೊಡಿ.” ಎನ್‌ಎಚ್‌ಎಸ್ ಜಾಲತಾಣದಲ್ಲಿ ಒಂದೊಂದು ಆಸ್ಪತ್ರೆಯ ಒಂದೊಂದು ವಿಭಾಗಕ್ಕೆ ಸರಾಸರಿ ಎಷ್ಟು ವಾರ ಅಂತ ಹಾಕಿರುತ್ತಾರೆ. ಕಾರಿಲ್ಲದವರು ಬಸ್ಸಿನ ದಾರಿಯನ್ನೂ ನೋಡಿಕೊಳ್ಳಿ, ಆಪರೇಷನ್ ಆದ ಮೇಲೂ ಎರಡು ಮೂರು ಸಲ ಹೋಗಬೇಕಾಗುತ್ತದೆ. ಹೃದಯದ ತೊಂದರೆ, ತೀರಾ ಹೆಚ್ಚು ತೂಕ ಇದ್ದವರನ್ನು ಕೆಲವು ಖಾಸಗಿ ಆಸ್ಪತ್ರೆಗಳು ತೆಗೆದುಕೊಳ್ಳುವುದಿಲ್ಲ, ಯಾಕೆಂದರೆ ಅಲ್ಲಿ ಸಾಮಾನ್ಯವಾಗಿ ಐಸಿಯು ಇರುವುದಿಲ್ಲ. ತುರ್ತು ಚಿಕಿತ್ಸೆಗೆ, ಕ್ಯಾನ್ಸರ್ ಅನುಮಾನದ ಮೇಲೆ ಬೇಗ ಕಳಿಸುವ ರೆಫರಲ್‌ಗೆ ಈ ಆಯ್ಕೆಯ ಹಕ್ಕು ಇಲ್ಲ. ಆಗ ಎಲ್ಲಿ ಬೇಗ ಕರೆಯುತ್ತಾರೋ ಅಲ್ಲಿಗೆ ಓಡಿ. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡಿನಲ್ಲಿರುವವರಿಗೆ ನಿಯಮ ಬೇರೆ.

ಈಗಾಗಲೇ ಸಾಲಿನಲ್ಲಿದ್ದೀರಾ? 18 ವಾರದೊಳಗೆ ಚಿಕಿತ್ಸೆ ಶುರುವಾಗದಿದ್ದರೆ ಬೇರೆ ಕಡೆ ಕಳಿಸಿ ಅಂತ ಕೇಳಬಹುದು. ಕೇಳಿದರೆ ಮಾತ್ರ ಹುಡುಕುತ್ತಾರೆ.

ಇನ್ನೊಂದು ಎಚ್ಚರಿಕೆ, ಊರಿಗೆ ಹೋಗುವವರೆಲ್ಲರಿಗೂ. ಏಳು ತಿಂಗಳು ಕಾದು ಸಿಕ್ಕಿದ ಆ ಭೇಟಿಯನ್ನೂ ನಾನು ಕಳೆದುಕೊಂಡೆ. ತಂಗಿಯ ಮದುವೆಗೆ ಐದು ವಾರ ಬೆಂಗಳೂರಿಗೆ ಹೋಗಿದ್ದೆ. ಇಳಿದ ಕೂಡಲೇ ಸಿಮ್ ಬದಲಾಯಿಸಿದೆ. ಆಸ್ಪತ್ರೆಯ ಮೆಸೇಜು ಡ್ರಾಯರ್‌ನಲ್ಲಿದ್ದ ಹಳೆಯ ಸಿಮ್‌ಗೆ, ಪತ್ರ ಇಲ್ಲಿನ ಬಾಗಿಲ ಹಿಂದಿನ ಕಾಲೊರಸಿನ ಮೇಲೆ. ವಾಪಸ್ಸು ಬಂದು ನೋಡಿದರೆ ಎರಡನೆಯ ಪತ್ರವೂ ಬಂದಿತ್ತು: ನೀವು ಬರಲಿಲ್ಲ, ಹಾಗಾಗಿ ನಿಮ್ಮನ್ನು ಜಿಪಿಗೆ ವಾಪಸ್ಸು ಕಳಿಸಿದ್ದೇವೆ. ಅಂದರೆ ಸಾಲಿನ ತುದಿಯಿಂದ ಮತ್ತೆ ಶುರು. ‘ನಿಮಗೆ ಇನ್ನೂ ಚಿಕಿತ್ಸೆ ಬೇಕೇ?’ ಅಂತ ಕೇಳುವ ಮೆಸೇಜು ಕೂಡ ಹೀಗೇ, ಉತ್ತರ ಕೊಡದಿದ್ದರೆ ಪಟ್ಟಿಯಿಂದ ಹೆಸರು ಹೋಗಬಹುದು. ಟಿಕೆಟ್ ಬುಕ್ ಮಾಡಿದ ದಿನವೇ ಆಸ್ಪತ್ರೆಯ ಬುಕಿಂಗ್ ಆಫೀಸಿಗೆ ಫೋನ್ ಮಾಡಿ ಇಲ್ಲಿಂದ ಇಲ್ಲಿಯವರೆಗೆ ಊರಲ್ಲಿರುವುದಿಲ್ಲ ಅಂತ ಹೇಳಿಬಿಡಿ. ಇಲ್ಲಿನ ಸಿಮ್ ಫೋನಿನಲ್ಲೇ ಇರಲಿ.

ಇನ್ನು ಸರ್ಜನ್ ಮುಂದೆ ಕೂತಾಗಿನ ಮಾತು. ನಮ್ಮೂರಿನಲ್ಲಿ ಡಾಕ್ಟರು “ಏನೂ ಆಗಲ್ಲ, ನಾನಿದ್ದೀನಲ್ಲ” ಅನ್ನುತ್ತಾರೆ. ಇಲ್ಲಿನವರು ಇಂಥಿಂಥ ಅಪಾಯ, ನೂರಕ್ಕೆ ಇಷ್ಟು ಜನಕ್ಕೆ ಅಂತ ಒಂದೊಂದಾಗಿ ಹೇಳಿ, ಕೊನೆಗೆ “ನಿಮಗೇನು ಬೇಕು?” ಅನ್ನುತ್ತಾರೆ. ಎಷ್ಟೋ ಜನ ಡಾಕ್ಟರಿಗೇ ಧೈರ್ಯವಿಲ್ಲ ಅಂದುಕೊಂಡು ಎದ್ದು ಬಂದಿದ್ದಾರೆ. ಕಾರಣ ಬೇರೆ, ಒಂದು ಕೋರ್ಟು ತೀರ್ಪು. ಸ್ಕಾಟ್ಲೆಂಡಿನ ನಾಡೀನ್ ಮಾಂಟ್ಗೊಮರಿ ಅವರಿಗೆ ಸಕ್ಕರೆ ಕಾಯಿಲೆ ಇತ್ತು, ಆಳು ಸಣ್ಣ, ಹೊಟ್ಟೆಯಲ್ಲಿದ್ದ ಮಗು ದೊಡ್ಡದು. ಹೆರಿಗೆಯಲ್ಲಿ ಮಗುವಿನ ಭುಜ ಸಿಕ್ಕಿಕೊಳ್ಳುವ ಸಂಭವ ಶೇ. 9ರಿಂದ 10 ಇತ್ತು. ವೈದ್ಯರು ಅದನ್ನು ಹೇಳಲಿಲ್ಲ, ಹೇಳಿದರೆ ಸಿಸೇರಿಯನ್ ಕೇಳುತ್ತಾರೆ ಅಂತ. 1999ರಲ್ಲಿ ಹುಟ್ಟಿದ ಮಗುವಿಗೆ ಮಿದುಳಿಗೆ ಆಮ್ಲಜನಕ ಸಾಲದೆ ಸೆರೆಬ್ರಲ್ ಪಾಲ್ಸಿ (ಕೈಕಾಲಿನ ಹಿಡಿತ ತಪ್ಪುವ ತೊಂದರೆ) ಆಯಿತು. 2015ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟು ಹೇಳಿತು: ಎಷ್ಟು ಹೇಳಿದರೆ ಸಾಕು ಅನ್ನುವುದಕ್ಕೆ ವೈದ್ಯರ ಲೆಕ್ಕ ಅಳತೆಯಲ್ಲ, ಆ ರೋಗಿಯ ಜಾಗದಲ್ಲಿರುವವರಿಗೆ ಯಾವುದು ಮುಖ್ಯವೋ ಅದನ್ನು ಹೇಳಲೇಬೇಕು, ಬೇರೆ ದಾರಿಗಳನ್ನೂ ಹೇಳಬೇಕು.

ಬೆಂಗಳೂರಿನಲ್ಲಾದರೆ ಬೆಳಿಗ್ಗೆ ನರದ ಪರೀಕ್ಷೆ, ಸಂಜೆ ಸರ್ಜನ್, ಮರುದಿನ ಆಪರೇಷನ್. ಆ ವೇಗವನ್ನು ನಾನು ಇಲ್ಲಿ ದಿನವೂ ನೆನೆದಿದ್ದೇನೆ. ಆದರೆ ಅಲ್ಲಿ ನಾವು ಕುರ್ಚಿಯಲ್ಲಿ ಕೂರುವ ಮೊದಲೇ ತೀರ್ಮಾನ ಆಗಿರುತ್ತದೆ, ನಮ್ಮ ಪಾಲಿಗೆ ಉಳಿಯುವುದು ಸಹಿ. ಭಾರತದ ಸುಪ್ರೀಂ ಕೋರ್ಟೂ 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ, ಅರಿವಳಿಕೆಯಲ್ಲಿದ್ದ ಮಗಳ ಗರ್ಭಕೋಶ ತೆಗೆಯಲು ತಾಯಿಯ ಒಪ್ಪಿಗೆ ಸಾಲದು ಅಂದಿದೆ. ಕಾನೂನು ಅಲ್ಲೂ ಇದೆ, ಕೇಳುವ ಅಭ್ಯಾಸ ನಮಗಿಲ್ಲ. ನಿರ್ಧಾರದ ಮಟ್ಟಿಗೆ ಇಂಗ್ಲೆಂಡಿನ ಪದ್ಧತಿಯೇ ಮೇಲು ಅಂತ ನನ್ನ ಖಚಿತ ಅಭಿಪ್ರಾಯ.

ಇಲ್ಲಿ ಇಂಗ್ಲಿಷಿನ ಮೊದಲಕ್ಷರಗಳನ್ನು ಸೇರಿಸಿ ‘ಬ್ರಾನ್’ (BRAN) ಅಂತ ನಾಲ್ಕು ಪ್ರಶ್ನೆ ಹೇಳಿಕೊಡುತ್ತಾರೆ. ಇದರಿಂದ ಲಾಭ ಏನು? ಅಪಾಯ ಏನು? ಬೇರೆ ದಾರಿ ಏನಿದೆ? ಏನೂ ಮಾಡದಿದ್ದರೆ ಏನಾಗುತ್ತದೆ? ಬಲಗೈಗೆ ಕೊನೆಗೂ ಆಪರೇಷನ್ ಆಯಿತು. ಆ ಹೊತ್ತಿಗೆ ಹೆಬ್ಬೆರಳ ಬುಡದ ಮಾಂಸ ಕರಗಿ ಸಣ್ಣ ಗುಳಿ ಬಿದ್ದಿತ್ತು, ಅದು ಪೂರ್ತಿ ತುಂಬಿಲ್ಲ. ಎಡಗೈಗೆ ಜೋಮು ಶುರುವಾದಾಗ ಈ ನಾಲ್ಕನ್ನೂ ಚೀಟಿಯಲ್ಲಿ ಬರೆದುಕೊಂಡು ಹೋದೆ. ಬೇಗ ಬಂದಿದ್ದೀರಿ, ರಾತ್ರಿ ಮಣಿಕಟ್ಟಿಗೆ ಸ್ಪ್ಲಿಂಟ್ (ಆಸರೆ ಪಟ್ಟಿ) ಕಟ್ಟಿ ನೋಡಿ, ಆಗದಿದ್ದರೆ ಸ್ಟೀರಾಯ್ಡ್ ಇಂಜೆಕ್ಷನ್, ಆಪರೇಷನ್ ಆಮೇಲೆ ಅಂದರು. ಸ್ಪ್ಲಿಂಟಿನಲ್ಲೇ ಕಡಿಮೆಯಾಯಿತು. ಕಾರ್ಪಲ್ ಟನಲ್, ಮೊಣಕಾಲು, ಕಣ್ಣಿನ ಪೊರೆ, ಇಂಥವಕ್ಕೆ ದಾರಿಗಳನ್ನು ಪಕ್ಕಪಕ್ಕ ಇಟ್ಟು ತೋರಿಸುವ ಕೈಪಿಡಿಗಳನ್ನು ಎನ್‌ಎಚ್‌ಎಸ್ ಇಂಗ್ಲೆಂಡೇ ಮಾಡಿದೆ. ಕೇಳಿ ತೆಗೆದುಕೊಂಡು, ಮನೆಗೆ ಬಂದು ಓದಿ ಉತ್ತರ ಕೊಡಿ.

ಗಂಡ ಹೆಂಡತಿ ಒಂದು ವಿಷಯ ತಿಳಿದಿರಲಿ. ನಮಗೆ ಪ್ರಜ್ಞೆ ತಪ್ಪಿದಾಗ ನಮ್ಮ ಪರವಾಗಿ ತೀರ್ಮಾನ ಮಾಡುವ ಕಾನೂನಿನ ಅಧಿಕಾರ ಇಲ್ಲಿ ಮದುವೆಯಾದ ಮಾತ್ರಕ್ಕೆ ಬರುವುದಿಲ್ಲ. ವೈದ್ಯರು ಮನೆಯವರನ್ನು ಕೇಳುತ್ತಾರೆ, ಆದರೆ ರೋಗಿಗೆ ಯಾವುದು ಒಳ್ಳೆಯದು ಅಂತ ನೋಡಿ ತೀರ್ಮಾನಿಸುವುದು ವೈದ್ಯರೇ. ಆ ಅಧಿಕಾರ ಬೇಕಾದರೆ ಆರೋಗ್ಯದ ‘ಲಾಸ್ಟಿಂಗ್ ಪವರ್ ಆಫ್ ಅಟಾರ್ನಿ’ ಅನ್ನುವ ಅಧಿಕಾರ ಪತ್ರ ಬರೆದು, ಸರ್ಕಾರದ ಆಫೀಸ್ ಆಫ್ ದಿ ಪಬ್ಲಿಕ್ ಗಾರ್ಡಿಯನ್‌ನಲ್ಲಿ ನೋಂದಾಯಿಸಿರಬೇಕು. ಬುದ್ಧಿ ನೆಟ್ಟಗಿರುವಾಗಲೇ ಮಾಡಬೇಕಾದ ಕೆಲಸ ಇದು.

ಅಪ್ಪ ಅಮ್ಮ ಇಲ್ಲೇ ನೆಲೆಸಿದ್ದರೆ, ದಯವಿಟ್ಟು ಅವರಿಗೆ ನೀವೇ ದುಭಾಷಿ ಆಗಬೇಡಿ. ಆಸ್ಪತ್ರೆಯೇ ಪುಕ್ಕಟೆ ದುಭಾಷಿಯನ್ನು ಕೊಡುತ್ತದೆ, ಮೊದಲೇ ಹೇಳಬೇಕು. ‘ಕನ್ನಡ’ ಅಂದರೆ ‘ಕೆನಡಾ’ ಅಂತ ಕೇಳಿಸುತ್ತದೆ ಅಥವಾ ಹಿಂದಿಯವರನ್ನು ಕರೆಸುತ್ತಾರೆ, ಹಾಗಾಗಿ ಅಕ್ಷರ ಬಿಡಿಸಿ ಹೇಳಿ. ಹಾಸನದ ಒಬ್ಬ ಅಮ್ಮನ ಮೊಣಕಾಲಿನ ಆಪರೇಷನ್‌ಗೆ ಜೊತೆಗೆ ಹೋಗಿದ್ದೆ. ಸರ್ಜನ್ ಐದು ನಿಮಿಷ ಮಾತಾಡಿದರು. ಮಗ ಅದನ್ನು “ಏನಿಲ್ಲಮ್ಮ, ಮಂಡಿ ಬದಲಾಯಿಸ್ತಾರೆ, ಸರಿ ಹೋಗುತ್ತೆ” ಅಂತ ಮುಗಿಸಿದ. ಸರ್ಜನ್ ಒಪ್ಪಲಿಲ್ಲ, ಫೋನಿನಲ್ಲಿ ಕನ್ನಡದ ದುಭಾಷಿಯನ್ನು ಕರೆಸಿದರು. ಮೇಜಿನ ಮೇಲಿಟ್ಟ ಫೋನಿನಿಂದ ಕನ್ನಡ ಬಂದ ಕೂಡಲೇ ಅಮ್ಮ ಸೆರಗು ಸರಿಮಾಡಿಕೊಂಡು ಅದರ ಕಡೆಗೇ ಬಗ್ಗಿದರು. ಎಲ್ಲ ಕೇಳಿ ಒಂದೇ ಪ್ರಶ್ನೆ ಕೇಳಿದರು: “ಇದಾದ ಮೇಲೆ ಚಕ್ಕಲಮಕ್ಕಲ ಹಾಕಿ ಕೂತು ಪೂಜೆ ಮಾಡಕ್ಕಾಗುತ್ತಾ?”

ಸರ್ಜನ್ ಪೆನ್ನು ಕೆಳಗಿಟ್ಟರು. ಹಾಗೆ ಕೂರುವುದು ಬಹಳ ಜನಕ್ಕೆ ಕಷ್ಟವಾಗುತ್ತದೆ, ಆಗದೇ ಹೋಗಬಹುದು ಅಂದರು. ಅಮ್ಮ ಫಾರಂ ಅನ್ನು ಸಹಿ ಹಾಕದೆ ಮಗನ ಕೈಗೆ ಕೊಟ್ಟು, ಮೊದಲು ಫಿಸಿಯೋಥೆರಪಿ ಮಾಡಿ ನೋಡುತ್ತೇನೆ, ಚಳಿಗಾಲ ಕಳೆಯಲಿ ಅಂದರು.