ಟೆಸ್ ದತ್ತಾಂಶದಲ್ಲಿ ಗ್ರಹ ಹುಡುಕಾಟ: ನನ್ನ ಅನುಭವ

ಬೇರೆ ನಕ್ಷತ್ರಗಳನ್ನು ಸುತ್ತುವ ಗ್ರಹಗಳನ್ನು ಹುಡುಕುವ ನಾಸಾದ ಬಾಹ್ಯಾಕಾಶ ದೂರದರ್ಶಕ ಟೆಸ್ 2018ರ ಏಪ್ರಿಲ್‌ನಲ್ಲಿ ಉಡಾವಣೆಯಾಯಿತು. ಅದು ಅಳೆದ ನಕ್ಷತ್ರಗಳ ಬೆಳಕಿನ ದಾಖಲೆ ಎಲ್ಲರಿಗೂ ಮುಕ್ತವಾಗಿರುವುದರಿಂದ ನನ್ನ ಹುಡುಕಾಟಕ್ಕೆ ಸಾಧಾರಣ ಲ್ಯಾಪ್‌ಟಾಪ್, ಪೈಥಾನ್ ಪ್ರೋಗ್ರಾಮಿಂಗ್ ಭಾಷೆ ಮತ್ತು ಲೈಟ್‌ಕರ್ವ್ ಎಂಬ ಉಚಿತ ತಂತ್ರಾಂಶ ಸಾಕಾದವು. ಗ್ರಹವೊಂದು ತನ್ನ ನಕ್ಷತ್ರದ ಮುಂದೆ ಹಾದುಹೋದಾಗ ನಕ್ಷತ್ರದ ಬೆಳಕು ತುಸು ಕುಗ್ಗುತ್ತದೆ. ಸೂರ್ಯನಂಥ ನಕ್ಷತ್ರವನ್ನು ಗುರುವಿನಷ್ಟು ದೊಡ್ಡ ಗ್ರಹ ದಾಟಿದರೆ ಈ ಕುಸಿತ ಸುಮಾರು ಶೇ 1ರಷ್ಟಿರುತ್ತದೆ. ಭೂಮಿಯಷ್ಟರದ್ದಾದರೆ ಹತ್ತು ಲಕ್ಷದಲ್ಲಿ 84 ಭಾಗ ಮಾತ್ರ.

ಕೈ ಪಳಗಿಸಿಕೊಳ್ಳಲು ನಾನು ಆರಿಸಿಕೊಂಡದ್ದು ವಾಸ್ಪ್-18 ಎಂಬ ನಕ್ಷತ್ರವನ್ನು. 2009ರಲ್ಲೇ ಪತ್ತೆಯಾದ ಅದರ ಗ್ರಹ ಒಂದು ದಿನಕ್ಕಿಂತ ಕಡಿಮೆ ಅವಧಿಯಲ್ಲಿ ಸುತ್ತು ಮುಗಿಸುತ್ತದೆ. ಹಾಗಾಗಿ ಟೆಸ್ ಆಕಾಶದ ಒಂದು ಭಾಗವನ್ನು ನೋಡುವ ಸುಮಾರು 27 ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಕುಸಿತಗಳು ಬೆಳಕಿನ ಏರಿಳಿತದ ರೇಖಾಚಿತ್ರದಲ್ಲಿ ನೋಡಿದೊಡನೆಯೇ ಕಾಣುತ್ತವೆ. ನಡುವೆ ದಾಖಲೆಯಲ್ಲಿ ಖಾಲಿ ಜಾಗವೂ ಇರುತ್ತದೆ: 13.7 ದಿನಗಳ ಕಕ್ಷೆಯಲ್ಲಿ ಭೂಮಿಗೆ ಹತ್ತಿರ ಬಂದಾಗ ದೂರದರ್ಶಕವು ವೀಕ್ಷಣೆ ನಿಲ್ಲಿಸಿ, ಸಂಗ್ರಹಿಸಿದ್ದನ್ನು ಭೂಮಿಗೆ ರವಾನಿಸುತ್ತದೆ.

ನಕ್ಷತ್ರದ ಸ್ವಂತ ಏರಿಳಿತವನ್ನು ತೆಗೆದು ರೇಖೆಯನ್ನು ಸಮತಟ್ಟಾಗಿಸುವ ಹಂತದಲ್ಲಿ ಅವಸರ ಸಲ್ಲದು. ಆ ಸೋಸುವಿಕೆಯ ಕಿಟಕಿ, ಅಂದರೆ ಒಮ್ಮೆಗೆ ಲೆಕ್ಕಕ್ಕೆ ತೆಗೆದುಕೊಳ್ಳುವ ಕಾಲದ ಉದ್ದ, ಕಿರಿದಾದರೆ ಏರಿಳಿತದ ಜೊತೆಗೆ ಗ್ರಹದ ಗುರುತೂ ಅಳಿಸಿಹೋಗುತ್ತದೆ. ವಾಸ್ಪ್-18ರಲ್ಲಿ ಕುಸಿತ ಎರಡು ಗಂಟೆಗೂ ಹೆಚ್ಚು ಇರುವುದರಿಂದ ನಾನು ಕಿಟಕಿಯನ್ನು ಅದರ ಹಲವು ಪಟ್ಟು ಅಗಲವಾಗಿಡುತ್ತೇನೆ. ಆಮೇಲೆ ಬಾಕ್ಸ್ ಲೀಸ್ಟ್ ಸ್ಕ್ವೇರ್ಸ್ ವಿಧಾನವು ಸಾವಿರಾರು ಅವಧಿಗಳನ್ನು ಪರೀಕ್ಷಿಸಿ, ಕುಸಿತಗಳು ಒಂದರ ಮೇಲೊಂದು ಸರಿಯಾಗಿ ಕೂರುವ ಅವಧಿಯನ್ನು ತೋರಿಸುತ್ತದೆ.

ಆದರೆ ಕುಸಿತ ಸಿಗುವುದು ಕಷ್ಟವಲ್ಲ, ಅದನ್ನು ನಂಬುವುದು ಕಷ್ಟ. ಟೆಸ್‌ನ ಒಂದೊಂದು ಪಿಕ್ಸೆಲ್ ಆಕಾಶದಲ್ಲಿ 21 ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3,600ನೇ ಒಂದು ಭಾಗ) ಅಗಲವನ್ನು ಆವರಿಸುತ್ತದೆ. ಹುಣ್ಣಿಮೆಯ ಚಂದ್ರನ ಅಗಲಕ್ಕೆ ತೊಂಬತ್ತಕ್ಕಿಂತ ಕಡಿಮೆ ಪಿಕ್ಸೆಲ್ ಸಾಕು. ಇಷ್ಟು ಒರಟು ಚಿತ್ರದಲ್ಲಿ, ಪಕ್ಕದಲ್ಲೆಲ್ಲೋ ಒಂದನ್ನೊಂದು ಮರೆಮಾಡುವ ಜೋಡಿ ನಕ್ಷತ್ರಗಳ ಬೆಳಕು ನಾವು ನೋಡುತ್ತಿರುವ ನಕ್ಷತ್ರದ ಬೆಳಕಿನೊಡನೆ ಬೆರೆತು ಗ್ರಹದಂತೆಯೇ ನಟಿಸುತ್ತದೆ. ಆದ್ದರಿಂದ ನಾನು ಬೆಸ ಮತ್ತು ಸಮ ಸಂಖ್ಯೆಯ ಕುಸಿತಗಳನ್ನು ಬೇರ್ಪಡಿಸಿ ಆಳವನ್ನು ಹೋಲಿಸುತ್ತೇನೆ. ವ್ಯತ್ಯಾಸ ಕಂಡರೆ ಅದು ಬಹುಮಟ್ಟಿಗೆ ಸರದಿಯಂತೆ ಒಂದನ್ನೊಂದು ಮರೆಮಾಡುವ ಜೋಡಿ ನಕ್ಷತ್ರವೇ. ತಳ ಚಪ್ಪಟೆಯಾಗಿರದೆ ಚೂಪಾಗಿದ್ದರೂ ಅನುಮಾನ ಹುಟ್ಟುತ್ತದೆ. ಗಾಯಾ ಬಾಹ್ಯಾಕಾಶ ದೂರದರ್ಶಕದ ನಕ್ಷತ್ರ ಪಟ್ಟಿಯಲ್ಲಿ ನೆರೆಯ ನಕ್ಷತ್ರಗಳನ್ನು ನೋಡಿ, ಬೆಳಕು ಕುಗ್ಗಿದ್ದು ಯಾವ ಪಿಕ್ಸೆಲ್‌ನಲ್ಲಿ ಎಂದು ಗುರುತಿಸುವುದು ಬೇಸರದ ಕೆಲಸ, ಆದರೆ ನನ್ನ ಮಟ್ಟಿಗೆ ನಿಜವಾದ ಹುಡುಕಾಟವೆಂದರೆ ಇದೇ. ಇದನ್ನೆಲ್ಲ ದಾಟಿ ಉಳಿಯುವುದು ಸಾಮಾನ್ಯವಾಗಿ ವೃತ್ತಿಪರರ ಪಟ್ಟಿಯಲ್ಲಿ ಮೊದಲೇ ಇರುತ್ತದೆ.

ಇಲ್ಲಿಂದಾಚೆ ಲ್ಯಾಪ್‌ಟಾಪ್ ಕೈಚೆಲ್ಲುತ್ತದೆ. ಕುಸಿತವು ಗಾತ್ರವನ್ನು ಹೇಳುತ್ತದೆಯೇ ಹೊರತು ದ್ರವ್ಯರಾಶಿಯನ್ನಲ್ಲ. ಗುರುವಿನಷ್ಟೇ ದೊಡ್ಡದಾಗಿ ಕಾಣುವ ಕಾಯವು ಕಂದು ಕುಬ್ಜವೂ, ಅಂದರೆ ಗ್ರಹಕ್ಕಿಂತ ಭಾರವಾಗಿದ್ದೂ ನಕ್ಷತ್ರವಾಗದ ಕಾಯವೂ, ಆಗಿರಬಹುದು. ಅದನ್ನು ತಿಳಿಯಲು, ಆ ಕಾಯದ ಸೆಳೆತದಿಂದ ನಕ್ಷತ್ರಕ್ಕಾಗುವ ಓಲಾಟವನ್ನು ರೋಹಿತದಲ್ಲಿ, ಅಂದರೆ ಬಣ್ಣಗಳಾಗಿ ಬಿಡಿಸಿದ ನಕ್ಷತ್ರದ ಬೆಳಕಿನಲ್ಲಿ, ಅಳೆಯಬೇಕು. ಟಿಒಐ-1789 (ಟಿಒಐ ಎಂದರೆ ಟೆಸ್ ಗುರುತಿಸಿದ ಗಮನಾರ್ಹ ಕಾಯ) ನಕ್ಷತ್ರದಲ್ಲಿ ಟೆಸ್ ತೋರಿಸಿದ ಕುಸಿತವು ಗ್ರಹದ್ದೇ ಎಂದು 2021ರಲ್ಲಿ ಖಚಿತವಾದದ್ದು ಹಾಗೆಯೇ; ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ನೇತೃತ್ವದಲ್ಲಿ ನಡೆದ ಆ ಕೆಲಸದಲ್ಲಿ ಮೌಂಟ್ ಅಬುವಿನಲ್ಲಿರುವ ಪಾರಸ್ ರೋಹಿತದರ್ಶಕ ಬಳಕೆಯಾಯಿತು.